ಧ್ವನಿವರ್ಧಕ ಮತ್ತು ನೆರೆಯವನ ನಿದ್ದೆ

ಬಳ್ಳಾರಿಯ ಬೇಸಿಗೆಯನ್ನು ಬಲ್ಲವರಿಗೆ ಏಪ್ರಿಲ್-ಮೇ ತಿಂಗಳ ರಾತ್ರಿಗಳ ಬಗ್ಗೆ ಹೇಳಬೇಕಾಗಿಲ್ಲ. ಕೌಲ್ ಬಜಾರಿನ ಓಣಿಗಳಲ್ಲಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಾಗಲಿ ಕಾದ ಗೋಡೆಗಳ ನಡುವೆ ಮಲಗಲಾಗದೆ ಜನರು ಹಾಸಿಗೆ ಹೊತ್ತು ಮಾಳಿಗೆಯೇರುತ್ತಾರೆ. ಮದುವೆಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಡಿ.ಜೆ. ಮೆರವಣಿಗೆಯು ಮಧ್ಯರಾತ್ರಿ ಓಣಿಯನ್ನು ಪ್ರವೇಶಿಸಿದಾಗ ಮಾಳಿಗೆಯ ಮೇಲಿರುವ ಹೃದ್ರೋಗಿಗೆ, ಹಸುಗೂಸಿನ ತಾಯಿಗೆ, ಮರುದಿನ ಬೆಳಿಗ್ಗೆ ಜೀನ್ಸ್ ಹೊಲಿಗೆಗೆ ಕೂರಬೇಕಾದ ಕಾರ್ಮಿಕನಿಗೆ ಮುಚ್ಚಿಕೊಳ್ಳಲು ಕಿಟಕಿಯೂ ಇರುವುದಿಲ್ಲ.

ಕೇಂದ್ರ ಸರಕಾರವು 2000ದಲ್ಲಿ ಜಾರಿಗೊಳಿಸಿದ ಶಬ್ದ ಮಾಲಿನ್ಯ ನಿಯಮಗಳು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಅದನ್ನು ಬಳಸುವಂತಿಲ್ಲ. ಹಬ್ಬಗಳಿಗಾಗಿ ರಾಜ್ಯ ಸರಕಾರವು ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡಬಹುದು, ಅಷ್ಟೇ. ಮದುವೆಗೆ ಪ್ರತ್ಯೇಕ ವಿನಾಯಿತಿಯಿಲ್ಲ.

ಧ್ವನಿವರ್ಧಕದ ಮಾತೆತ್ತಿದೊಡನೆ ನಮ್ಮವರು ರಕ್ಷಣಾತ್ಮಕವಾಗುತ್ತಾರೆ. ಅದಕ್ಕೆ ಕಾರಣವೂ ಇದೆ. 2022ರಲ್ಲಿ ಅಝಾನ್‌ನ ವಿರುದ್ಧವೇ ಅಭಿಯಾನ ನಡೆಯಿತು. ಆ ಗದ್ದಲದ ನಡುವೆಯೇ ಮೇ 10ರಂದು ರಾಜ್ಯ ಸರಕಾರವು 15 ದಿನಗಳೊಳಗೆ ಅನುಮತಿ ಪಡೆಯಬೇಕೆಂದು ಸುತ್ತೋಲೆ ಹೊರಡಿಸಿತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಹೈಕೋರ್ಟು ಹೇಳಿದ್ದನ್ನು ಗಮನಿಸಬೇಕು. ಅಝಾನ್‌ನ ಪದಗಳಿಂದ ಇತರ ಧರ್ಮೀಯರ ಹಕ್ಕಿಗೆ ಧಕ್ಕೆಯಿಲ್ಲ ಎಂದ ನ್ಯಾಯಾಲಯವು, ಧ್ವನಿವರ್ಧಕದ ನಿಯಮಗಳನ್ನು ಜಾರಿಗೊಳಿಸುವಂತೆಯೂ ಅಧಿಕಾರಿಗಳಿಗೆ ಸೂಚಿಸಿತು. ಅಝಾನ್ ಬೇರೆ, ಯಂತ್ರ ಬೇರೆ. ಹಝ್ರತ್ ಬಿಲಾಲ್(ರ) ಮಸೀದಿಯ ಬಳಿಯ ಮನೆಯೊಂದರ ಮಾಡಿನ ಮೇಲೆ ನಿಂತು ಫಜ್ರ್‌ನ ಅಝಾನ್ ಕೊಡುತ್ತಿದ್ದರು. ಧ್ವನಿವರ್ಧಕವು ಭಾರತಕ್ಕೆ ಬಂದಾಗ ನಮಾಝ್‌ನಲ್ಲಿ ಅದನ್ನು ಬಳಸಬಹುದೇ ಎಂದು ಉಲಮಾಗಳೇ ಚರ್ಚಿಸಿದ್ದರು. ಇಂದು ಅದನ್ನೇ ದೀನ್‌ನ ಭಾಗವೆಂಬಂತೆ ಕಾಯುತ್ತಿದ್ದೇವೆ! 2021ರಲ್ಲಿ ಸೌದಿ ಅರೇಬಿಯವು ಹೊರಗಿನ ಧ್ವನಿವರ್ಧಕವನ್ನು ಅಝಾನ್ ಮತ್ತು ಇಕಾಮತ್‌ಗೆ ಸೀಮಿತಗೊಳಿಸಿ, ಅದರ ಮಟ್ಟವನ್ನು ಮೂರನೇ ಒಂದಕ್ಕೆ ಇಳಿಸಿತು.

ನಮ್ಮ ಊರುಗಳಲ್ಲಿ ಫಜ್ರ್‌ನ ಅಝಾನ್ ವರ್ಷವಿಡೀ 6ರ ಮೊದಲೇ ಬರುತ್ತದೆ. ಆದ್ದರಿಂದ ಆ ಹೊತ್ತು ಹೊರಗಿನ ಕಹಳೆಗೆ ಕಾನೂನಿನಲ್ಲಿ ಎಡೆಯಿಲ್ಲವೆಂಬುದನ್ನು ಮಸೀದಿ ಕಮಿಟಿಗಳು ನೇರವಾಗಿ ಜಮಾಅತ್‌ಗೆ ತಿಳಿಸುವುದು ಒಳ್ಳೆಯದು. ಇಷ್ಟಕ್ಕೂ ನೆರೆಯವರ ದೂರು ಎರಡು-ಮೂರು ನಿಮಿಷದ ಅಝಾನ್‌ಗಿಂತ ಹೆಚ್ಚಾಗಿ ಮಧ್ಯರಾತ್ರಿ ದಾಟಿದರೂ ಮುಗಿಯದ ಜಲ್ಸಾಗಳ ಬಗ್ಗೆ, ರಮಝಾನ್‌ನಲ್ಲಿ ಸಹ್ರಿಗೆಂದು ಮೂರು ಗಂಟೆಯಿಂದ ಆರಂಭವಾಗುವ ಪ್ರಕಟಣೆಗಳ ಬಗ್ಗೆ, ಮೀಲಾದ್ ಮೆರವಣಿಗೆಯ ಡಿ.ಜೆ.ಯ ಬಗ್ಗೆ ಇರುತ್ತದೆ. ರಾತ್ರಿ 11ಕ್ಕೆ ಬಯಾನ್ ಆರಂಭವಾದ ವೇದಿಕೆಗಳಲ್ಲಿ ಈ ಲೇಖಕನೂ ಕುಳಿತಿದ್ದಾನೆ. ಎದುರಿನ ಮನೆಯಲ್ಲಿ ಯಾರಿದ್ದಾರೆಂದು ಆಗ ವಿಚಾರಿಸಿರಲಿಲ್ಲ. ಮಸೀದಿಯಲ್ಲಿ ಇಅ್‌ತಿಕಾಫ್ ಕುಳಿತಿದ್ದ ಪ್ರವಾದಿವರ್ಯರು(ಸ), ಗಟ್ಟಿಯಾಗಿ ಕುರ್‌ಆನ್ ಓದುತ್ತಿದ್ದವರಿಗೆ ಪರಸ್ಪರ ತೊಂದರೆ ಕೊಡಬೇಡಿರೆಂದು ಹೇಳಿದ್ದು ಮದ್ರಸದಲ್ಲಿ ಕಲಿತ ಪಾಠವೇ ಆಗಿತ್ತು.

ಮಸೀದಿಗೆ ಬರುವ ಪೊಲೀಸರು ರಾಜಕೀಯ ಮೆರವಣಿಗೆಯ ಮುಂದೆ ಕಿವುಡರಾಗುತ್ತಾರೆ ಎಂಬ ಅಸಮಾಧಾನ ನಮ್ಮಲ್ಲಿದೆ. ಕಾನೂನು ಎಲ್ಲರಿಗೂ ಒಂದೇ ಆಗಿರಬೇಕೆಂದು ಕೇಳುವ ಹಕ್ಕು ನಮಗಿದೆ. ಯಾವುದೇ ಧರ್ಮವೂ ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಲು ಹೇಳುವುದಿಲ್ಲವೆಂದು ಸುಪ್ರೀಮ್ ಕೋರ್ಟು 2000ದ ಆಗಸ್ಟ್‌ನಲ್ಲಿ ಹೇಳಿದ್ದು ಚೆನ್ನೈಯ ಚರ್ಚೊಂದರ ಪ್ರಕರಣದಲ್ಲಿ. ಆದರೆ ಸ್ವಂತ ಅನುಮತಿ ಪತ್ರವು ಕೈಯಲ್ಲಿಲ್ಲದವನ ದೂರಿಗೆ ಬೆಲೆ ಬರುವುದಾದರೂ ಹೇಗೆ?

ಇನ್ನು ಅಕ್ಕಿ ಗಿರಣಿಯಿರಲಿ, ಕಲ್ಯಾಣ ಮಂಟಪವಿರಲಿ, ಸದ್ದು ಮಿತಿಗಿಂತ 10 ಡೆಸಿಬೆಲ್ ಮೀರಿದರೆ ಅಥವಾ ರಾತ್ರಿಯ ನಿರ್ಬಂಧವನ್ನು ಮುರಿದರೆ ಯಾವ ನಾಗರಿಕನೂ ದೂರು ಕೊಡಬಹುದು. ಆ ಗಳಿಗೆಯಲ್ಲಿ 112ಕ್ಕೆ ಕರೆ ಮಾಡಬಹುದು. ಪದೇ ಪದೇ ನಡೆಯುವುದಾದರೆ ದಿನಾಂಕ, ಸಮಯ ಬರೆದಿಟ್ಟು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಅದಕ್ಕೂ ಮೊದಲು ಒಮ್ಮೆ ಹಗಲು ಹೊತ್ತಿನಲ್ಲಿ ಅವರ ಬಾಗಿಲಿಗೆ ಹೋಗಿ ಮಾತಾಡಿ ನೋಡಬಹುದು. ಅವರೂ ನಮ್ಮ ಬಾಗಿಲಿಗೆ ಬರುವ ದಿನ ಇದ್ದೇ ಇದೆ.