ಹಲ್ಲು ಬಿಳುಪಾಗಿಸುವ ಮುನ್ನ

ಮಲ್ಲಿಗೆ ಮೊಗ್ಗಿನಂಥ ಹಲ್ಲು ಎಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಆದರೆ ಮಲ್ಲಿಗೆಯಷ್ಟು ಬೆಳ್ಳಗಿರುವ ಹಲ್ಲು ಬಲು ಅಪರೂಪ. ಆರೋಗ್ಯವಾದ ಹಲ್ಲಿನ ಸಹಜ ಬಣ್ಣ ಹಾಲಿನ ಕೆನೆಯದು, ಅಂದರೆ ತುಸು ಹಳದಿ ಬೆರೆತ ಬಿಳಿ. ಇದು ತಿಳಿಯದೆ ಎಷ್ಟೋ ಮಂದಿ, ಅದರಲ್ಲೂ ಮದುವೆಯ ವಯಸ್ಸಿನವರು, ಕನ್ನಡಿಯ ಮುಂದೆ ನಿಂತು ಕೊರಗುತ್ತಾರೆ. ಯಾರೋ ಹೇಳಿದರೆಂದು ನಿಂಬೆಹೋಳಿಗೆ ಉಪ್ಪು ಹಚ್ಚಿ ಉಜ್ಜುತ್ತಾರೆ. ಆಮೇಲೆ ಇದ್ದಿಲು, ಇಟ್ಟಿಗೆ ಪುಡಿ, ಅಡುಗೆ ಸೋಡಾ ಹೀಗೆ ಒಂದೊಂದರ ಸರದಿ ಬರುತ್ತದೆ. ಕೆಲವು ದಿನ ಹಲ್ಲು ಹೊಳೆದಂತೆ ಕಾಣುವುದೂ ಉಂಟು. ಆದರೆ ಹೀಗೆಯೇ ಮುಂದುವರಿದರೆ ಒಂದು ದಿನ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತದೆ. ಬಣ್ಣವೋ, ಮೊದಲಿಗಿಂತ ಹೆಚ್ಚು ಹಳದಿ!

ಉಜ್ಜಿದಷ್ಟೂ ಹಳದಿ ಏಕೆ?

ಹಲ್ಲಿನ ಹೊರಕವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಇದಕ್ಕಿಂತ ಗಡುಸಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಸುಮಾರು ಶೇಕಡ 96ರಷ್ಟು ಬರೀ ಖನಿಜ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಮಾತ್ರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಮೇಲೆ ಬರುವ ಹೊತ್ತಿಗೇ ನಶಿಸಿರುತ್ತವೆ.

ಈ ಕವಚ ಮಸುಕು ಗಾಜಿನ ಹಾಗೆ. ಬೆಳಕನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅದರಡಿಯಲ್ಲಿ ಡೆಂಟಿನ್ ಎಂಬ ಹಳದಿ ಛಾಯೆಯ ಪದರವಿದೆ. ನಾವು ನೋಡುವ ಹಲ್ಲಿನ ಬಣ್ಣದಲ್ಲಿ ಬಹುಪಾಲು ಈ ಒಳಪದರದ್ದೇ. ಎನಾಮಲ್ ಸವೆದು ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ವಯಸ್ಸಾದಂತೆ ಹಲ್ಲು ಹಳದಿಯಾಗುವುದಕ್ಕೂ ಇದೇ ಕಾರಣ. ಒರಟು ಪುಡಿಯಿಂದ ಉಜ್ಜುವವರು ಮುಪ್ಪನ್ನು ಬೇಗ ಬರಮಾಡಿಕೊಂಡಂತೆ, ಅಷ್ಟೆ.

ನಿಂಬೆರಸದ ಕೆಲಸ ಇನ್ನೂ ಕೆಟ್ಟದ್ದು. ಬಾಯಿಯ ಆಮ್ಲತೆ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ತೊಡಗುತ್ತದೆ. ನಿಂಬೆರಸದ ಪಿಎಚ್ ಸುಮಾರು 2. ಹುಳಿಯಿಂದ ಮೆತ್ತಗಾದ ಹಲ್ಲಿಗೆ ಉಪ್ಪಿನ ಹರಳಿನಿಂದ ತಿಕ್ಕಿದರೆ ಕವಚ ಉಳಿಯುವುದು ಹೇಗೆ? ಇದ್ದಿಲು ಬೆರೆಸಿದ ಪೇಸ್ಟುಗಳೂ ಈಚೆಗೆ ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಅವು ಹಲ್ಲಿನ ಒಳಬಣ್ಣವನ್ನು ತಿಳಿಗೊಳಿಸುತ್ತವೆ ಎಂಬುದಕ್ಕೆ ತಕ್ಕ ಆಧಾರವಿಲ್ಲ.

ಕಲೆಯ ಮೂಲ ತಿಳಿಯಿರಿ

ಬಿಳುಪು ಮಾಡಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕಲೆ ಇರುವುದು ಹಲ್ಲಿನ ಮೇಲೋ, ಒಳಗೋ?

ಕಾಫಿ, ಚಹಾ, ಎಲೆಅಡಿಕೆ, ಬೀಡಿ, ಸಿಗರೇಟು, ಗುಟ್ಕಾ ಇವುಗಳ ಕಲೆ ಹೊರಗಿನದು. ಹಲ್ಲಿನ ಮೇಲೆ ಕೂತು ಕಲ್ಲಿನಂತಾದ ಪಾಚಿಗೂ ಇದೇ ಮಾತು. ಇದಕ್ಕೆ ಬಿಳುಪಿನ ಔಷಧಿ ಬೇಕಾಗಿಯೇ ಇಲ್ಲ. ದಂತವೈದ್ಯರಲ್ಲಿ ಒಮ್ಮೆ ಸ್ಕೇಲಿಂಗ್ ಮಾಡಿಸಿ ಹೊಳಪು ಕೊಡಿಸಿದರೆ ಸಾಕು. ಎಷ್ಟೋ ಮಂದಿಗೆ ತಮ್ಮ ಹಲ್ಲಿನ ನಿಜವಾದ ಬಣ್ಣ ತಿಳಿಯುವುದೇ ಆಗ. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು ಕಲ್ಪನೆ. ಹಲ್ಲಿನ ಸಂದಿನಲ್ಲಿ ತುಂಬಿದ್ದ ಗಟ್ಟಿ ಪಾಚಿ ಹೋದಾಗ ಅಲ್ಲಿ ಜಾಗ ತೆರವಾಗಿ ಹಾಗೆನಿಸುತ್ತದೆ. ಹಲ್ಲನ್ನು ಸಡಿಲಿಸುವುದು ಸ್ಕೇಲಿಂಗ್ ಅಲ್ಲ, ವಸಡನ್ನು ಕೆಡಿಸುವ ಆ ಪಾಚಿಯೇ.

ಹೊಗೆಸೊಪ್ಪಿನಿಂದ ಹಲ್ಲುಜ್ಜುವ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ಹೊಗೆಸೊಪ್ಪು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅದು ಹಲ್ಲನ್ನು ಬೆಳಗುವುದಿಲ್ಲ. ಚಟ ಹಚ್ಚಿ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

ಇನ್ನು ಒಳಗಿನ ಕಲೆಗಳು. ವಯಸ್ಸಿನಿಂದ ಬಂದ ಹಳದಿ ಇವುಗಳಲ್ಲಿ ಒಂದು. ಗರ್ಭಿಣಿಯಾಗಿದ್ದಾಗ ತಾಯಿ, ಅಥವಾ ಎಂಟು ವರ್ಷದೊಳಗೆ ಮಗು ಟೆಟ್ರಾಸೈಕ್ಲಿನ್ ಔಷಧಿ ತೆಗೆದುಕೊಂಡಿದ್ದರೆ ಹಲ್ಲಿನ ಮೇಲೆ ಬೂದು ಅಥವಾ ಕಂದು ಪಟ್ಟೆಗಳು ಉಳಿಯುತ್ತವೆ. ಬಿದ್ದು ಪೆಟ್ಟಾಗಿ ನರ ಸತ್ತ ಹಲ್ಲು ಒಂಟಿಯಾಗಿ ಕಪ್ಪಾಗುತ್ತದೆ. ಇಂಥ ಹಲ್ಲಿಗೆ ಮೊದಲು ಬೇರುನಾಳದ ಚಿಕಿತ್ಸೆ ಆಗಬೇಕು. ಬಿಳುಪಿನ ಔಷಧಿಯನ್ನು ಆಮೇಲೆ ಹಲ್ಲಿನೊಳಗೇ ಇಡುತ್ತಾರೆ.

ಔಷಧಿ ಮಾಡುವ ಕೆಲಸ

ಹಲ್ಲು ಬಿಳುಪಾಗಿಸುವ ಔಷಧಿಗಳ ಮೂಲ ಹೈಡ್ರೋಜನ್ ಪೆರಾಕ್ಸೈಡ್. ಇದು ಎನಾಮಲ್ಲಿನ ಅತಿ ಸಣ್ಣ ರಂಧ್ರಗಳ ಮೂಲಕ ಒಳಗಿಳಿದು, ಬಣ್ಣಕ್ಕೆ ಕಾರಣವಾದ ದೊಡ್ಡ ಅಣುಗಳನ್ನು ಒಡೆದು ಬಣ್ಣವಿಲ್ಲದ ಚೂರುಗಳನ್ನಾಗಿ ಮಾಡುತ್ತದೆ. ಹಲ್ಲನ್ನು ಕೆರೆಯದೆ ಬಣ್ಣವನ್ನು ಮಾತ್ರ ಕರಗಿಸುವುದೇ ಇದರ ವಿಶೇಷ.

ಮನೆಯಲ್ಲಿ ಮಾಡಿಕೊಳ್ಳುವ ಕ್ರಮ ಹುಟ್ಟಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಬಿಲ್ ಕ್ಲುಸ್ಮಯರ್ ಎಂಬ ದಂತವೈದ್ಯರು, ವಸಡಿನ ಗಾಯ ಮಾಯಲೆಂದು ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡನ್ನು ರೋಗಿಗಳಿಗೆ ಕೊಟ್ಟರು. ವಸಡಿನ ಜೊತೆಗೆ ಹಲ್ಲಿನ ಬಣ್ಣವೂ ತಿಳಿಯಾಯಿತು. ಹೇವುಡ್ ಮತ್ತು ಹೇಮನ್ ಎಂಬ ದಂತವೈದ್ಯರು 1989ರಲ್ಲಿ ಈ ಕ್ರಮವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಇದು ಜಗತ್ತಿಗೆಲ್ಲ ಹಬ್ಬಿತು.

ಇಂದಿಗೂ ಹೆಚ್ಚು ಪರೀಕ್ಷೆಗೊಳಗಾದ ಕ್ರಮ ಇದೇ. ವೈದ್ಯರು ನಿಮ್ಮ ಹಲ್ಲಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಕೂರುವ ತೆಳುವಾದ ತಟ್ಟೆ ಮಾಡಿಕೊಡುತ್ತಾರೆ. ಅದರಲ್ಲಿ ಒಂದು ಹನಿಯಷ್ಟು ಜೆಲ್ ಹಾಕಿ ರಾತ್ರಿ ಹಲ್ಲಿಗೆ ತೊಡಿಸಿಕೊಳ್ಳಬೇಕು. ಶೇಕಡ 10ರ ಈ ಜೆಲ್‌ನಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಶೇಕಡ 3.5ರಷ್ಟು ಮಾತ್ರ. ಸಾಮಾನ್ಯ ಹಳದಿಗೆ ಎರಡು ವಾರದ ಆಸುಪಾಸು ಹಿಡಿಯುತ್ತದೆ. ಟೆಟ್ರಾಸೈಕ್ಲಿನ್ ಕಲೆಗಳಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಆಸ್ಪತ್ರೆಯ ಕುರ್ಚಿಯಲ್ಲೇ ಒಂದೆರಡು ಗಂಟೆಯಲ್ಲಿ ಮುಗಿಸುವ ವಿಧಾನವೂ ಇದೆ. ಅಲ್ಲಿ ಬಳಸುವ ಔಷಧಿ ಹತ್ತು ಪಟ್ಟು ತೀಕ್ಷ್ಣವಾಗಿರಬಹುದು. ಆದ್ದರಿಂದಲೇ ಮೊದಲು ವಸಡಿಗೆ ರಕ್ಷಣೆಯ ಲೇಪ ಹಾಕುತ್ತಾರೆ. ಇದನ್ನು ಬ್ಯೂಟಿ ಪಾರ್ಲರಿನಲ್ಲಿ ಮಾಡಿಸುವುದು ಸಲ್ಲದು. ಯುರೋಪಿನ ದೇಶಗಳಲ್ಲಿ 2012ರಿಂದ, ಶೇಕಡ 0.1ಕ್ಕಿಂತ ಹೆಚ್ಚು ಪೆರಾಕ್ಸೈಡ್ ಇರುವ ಬಿಳುಪಿನ ವಸ್ತುವನ್ನು ದಂತವೈದ್ಯರ ಮೂಲಕವಲ್ಲದೆ ಕೊಡುವಂತಿಲ್ಲ. 18 ವರ್ಷದೊಳಗಿನವರಿಗೆ ಕೊಡುವಂತೆಯೇ ಇಲ್ಲ.

ಕೋಲಾರದ ನೀರು, ಮಕ್ಕಳ ಹಲ್ಲು

ನಮ್ಮ ರಾಜ್ಯದಲ್ಲಿ ಪೇಟೆಯ ಜಾಹೀರಾತುಗಳಿಗೆ ಕಾಣದ ಇನ್ನೊಂದು ಕಲೆಯಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಮೊದಲಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ, ಕೆಲವೊಮ್ಮೆ ಗುಳಿಗಳೂ ಏಳುತ್ತವೆ. ಇದೇ ದಂತ ಫ್ಲೋರೋಸಿಸ್.

ಈ ಮಕ್ಕಳಿಗೆ ಶಾಲೆಯಲ್ಲಿ ‘ಹಲ್ಲುಜ್ಜಿಲ್ಲ’ ಎಂಬ ಬೈಗುಳ ಸಿಗುತ್ತದೆ. ದೊಡ್ಡವರಾದಾಗ ಹೆಣ್ಣು ನೋಡಲು ಬಂದವರ ಮುಂದೆ ನಗಲೂ ಸಂಕೋಚ. ತಪ್ಪು ಮಕ್ಕಳದಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಬಿದ್ದ ಕಲೆ ಅದು. ಎಷ್ಟು ಉಜ್ಜಿದರೂ ಹೋಗದು. ಉಜ್ಜಿ ಉಜ್ಜಿ ಇರುವ ಕವಚವನ್ನೂ ಕಳೆದುಕೊಳ್ಳುವುದೇ ನಿಜವಾದ ನಷ್ಟ.

ಕಲೆ ತೆಳುವಾಗಿದ್ದರೆ ಮೇಲ್ಪದರವನ್ನು ಕೂದಲೆಳೆಯಷ್ಟು ನಯಗೊಳಿಸಿ, ಬಳಿಕ ಬಿಳುಪಿನ ಜೆಲ್ ಬಳಸಿ ಎದ್ದು ಕಾಣದಂತೆ ಮಾಡಬಹುದು. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಲೇಪನವೇ ದಾರಿ. ಆದರೆ ಮುಂದಿನ ಮಗುವಿನ ಹಲ್ಲು ಉಳಿಸುವುದು ಇದೆಲ್ಲಕ್ಕಿಂತ ಮುಖ್ಯ. ಎಂಟು ವರ್ಷದವರೆಗಾದರೂ ಮಗುವಿಗೆ ಸಂಗ್ರಹಿಸಿದ ಮಳೆನೀರು ಅಥವಾ ಶುದ್ಧೀಕರಣ ಘಟಕದ ನೀರು ಕೊಡಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ನೆನಪಿಡಬೇಕಾದ್ದು

ಹುಳುಕು, ವಸಡಿನ ರೋಗ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ತುಂಬದವರು ಬಿಳುಪಿನ ಗೊಡವೆಗೆ ಹೋಗಬಾರದು. ಕಟ್ಟಿಸಿದ ಹಲ್ಲು, ತುಂಬಿಸಿದ ಸಿಮೆಂಟು ಈ ಔಷಧಿಗೆ ಬಿಳುಪಾಗುವುದಿಲ್ಲ. ಮುಂದಿನ ಹಲ್ಲಿನಲ್ಲಿ ಅಂಥವು ಇದ್ದರೆ ಬಣ್ಣ ಎರಡು ಬಗೆಯಾಗಿ ಕಂಡೀತು. ಹೊಸದಾಗಿ ಹಲ್ಲು ತುಂಬಿಸುವುದಿದ್ದರೆ ಬಿಳುಪು ಮಾಡಿಸಿದ ಎರಡು ವಾರದ ಮೇಲೆ ತುಂಬಿಸಿ.

ಚಿಕಿತ್ಸೆಯ ದಿನಗಳಲ್ಲಿ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಿನಿಂದ ಉಪಶಮನ ಸಿಕ್ಕೀತು. ಜುಮ್ಮು ಹೆಚ್ಚಾದರೆ, ವಸಡು ಬೆಳ್ಳಗೆ ಸುಟ್ಟಂತಾದರೆ ಜೆಲ್ ನಿಲ್ಲಿಸಿ ವೈದ್ಯರನ್ನು ಕಾಣಿ. ಬೇಗ ಬಿಳುಪಾಗಲೆಂದು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಡಿ.

ಈ ಬಿಳುಪು ಶಾಶ್ವತವೂ ಅಲ್ಲ. ಒಂದೆರಡು ವರ್ಷಗಳಲ್ಲಿ ಬಣ್ಣ ಮೆಲ್ಲನೆ ಹಿಂದಿರುಗುತ್ತದೆ. ಎಲೆಅಡಿಕೆ, ಹೊಗೆಸೊಪ್ಪು ಬಿಡದವರಿಗೆ ಇನ್ನೂ ಬೇಗ. ದಿನಕ್ಕೆರಡು ಸಲ ಮೃದು ಬ್ರಷ್ಷಿನಿಂದ ಹಲ್ಲುಜ್ಜುವುದು, ಕಾಫಿ ಕುಡಿದ ಮೇಲೆ ಬಾಯಿ ಮುಕ್ಕಳಿಸುವುದು, ಹುಳಿ ತಿಂದ ಅರ್ಧ ಗಂಟೆಯ ಬಳಿಕವೇ ಬ್ರಷ್ ಹಿಡಿಯುವುದು – ಇವಕ್ಕೆ ಖರ್ಚಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಎಂಬ ಗಾದೆಯ ಕಾಲ ಹೋಯಿತು. ಕಡಲೆ ಈಗ ಧಾರಾಳವಾಗಿದೆ; ಅದನ್ನು ಅಗಿಯಲು ಬೇಕಾದ್ದು ಗಟ್ಟಿ ಹಲ್ಲು. ಅದರ ಬಣ್ಣ ಕೆನೆಯದಾಗಿದ್ದರೆ ಚಿಂತೆಯಿಲ್ಲ.