ಹಳೆಯ ಸಣ್ಣ ಕಾರಿಗೆ ಬೆಲೆ ಕಟ್ಟುವ ಬಗೆ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಹೊಸ ಕಾರು ಅಗ್ಗವಾದಾಗ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯಬೇಕೆಂಬುದು ವ್ಯಾಪಾರದ ಸಹಜ ತರ್ಕ. ಆದರೆ ಮಾರುವವನು ತಾನು ಅಂದು ಕೊಟ್ಟ ಬೆಲೆಯನ್ನು ನೆನೆಯುತ್ತಾನೆಯೇ ಹೊರತು ಇಂದಿನ ಷೋರೂಮಿನ ಬೆಲೆಯನ್ನಲ್ಲ. ಆದ್ದರಿಂದ ಹಳೆಯ ಕಾರು ಕೊಳ್ಳಲು ಹೊರಟ ವರ್ತಕನು ಮೊದಲು ತಿಳಿಯಬೇಕಾದದ್ದು ಅದೇ ವರ್ಗದ ಹೊಸ ಕಾರಿನ ಇಂದಿನ ಬೆಲೆ. ತೆರಿಗೆ ಇಳಿಯುವುದಕ್ಕಿಂತ ಹಿಂದಿನ ಲೆಕ್ಕದಲ್ಲಿ ಹೇಳಿದ ದರ ಚೌಕಾಸಿಯ ಆರಂಭಕ್ಕೂ ಯೋಗ್ಯವಲ್ಲ.

ಕಿರಾಣಿ ಸಗಟು ವ್ಯಾಪಾರಿಗೋ ಹತ್ತು ಜನ ಕೆಲಸಗಾರರ ಸಣ್ಣ ಕಾರ್ಖಾನೆಯ ಮಾಲೀಕನಿಗೋ ಬೇಕಾಗುವ ಕಾರು ಎರಡು ಕೆಲಸ ಮಾಡಬೇಕು. ವಾರವಿಡೀ ಬ್ಯಾಂಕು, ಲೆಕ್ಕಪರಿಶೋಧಕರ ಕಚೇರಿ, ಗಿರಾಕಿಗಳ ಅಂಗಡಿ. ಭಾನುವಾರ ಹೆಂಡತಿ ಮಕ್ಕಳು, ವಯಸ್ಸಾದ ತಂದೆ ತಾಯಿ. ಈ ಎರಡನ್ನೂ ನಿಭಾಯಿಸುವ ಹಳೆಯ ಕಾರುಗಳಲ್ಲಿ 2010ರಿಂದ 2019ರ ಆರಂಭದವರೆಗೆ ಮಾರಾಟವಾದ ಎರಡನೆಯ ತಲೆಮಾರಿನ ಮಾರುತಿ ವ್ಯಾಗನ್-ಆರ್ ಪರಿಶೀಲನೆಗೆ ಯೋಗ್ಯವಾದುದು. ಎತ್ತರದ ಮೈಕಟ್ಟಿನಿಂದಾಗಿ ಮಂಡಿನೋವಿನ ಹಿರಿಯರೂ ಬಗ್ಗದೆ ಹತ್ತಿ ಇಳಿಯಬಹುದು. 998 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಪೇಟೆಯ ಓಡಾಟಕ್ಕೆ ಸಾಕು. ಅದರಲ್ಲಿ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಹಳೆಯ ಆಲ್ಟೋದ 796 ಸಿಸಿ ಎಂಜಿನ್ನಿನಂತೆ ನಿಗದಿತ ಅಂತರಕ್ಕೊಮ್ಮೆ ಬೆಲ್ಟ್ ಬದಲಿಸುವ ಖರ್ಚು ಇಲ್ಲ. ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲೂ ದೊರೆಯುತ್ತವೆ.

ಈ ಗುಣಗಳೇ ಒಂದು ಅಪಾಯವನ್ನೂ ತಂದಿವೆ. ಮಿತವ್ಯಯದ ಕಾರಾದ್ದರಿಂದ ಇದು ಬಾಡಿಗೆ ಓಡಾಟಕ್ಕೂ ಹೇರಳವಾಗಿ ಬಳಕೆಯಾಯಿತು. ಹಳದಿ ಫಲಕದಲ್ಲಿ ದುಡಿದು ಬಿಳಿ ಫಲಕಕ್ಕೆ ಬದಲಾದ ಕಾರಿನ ಮೀಟರಿನಲ್ಲಿ ಅರುವತ್ತು ಸಾವಿರ ಕಿಲೋಮೀಟರ್ ಕಂಡರೆ ಅದನ್ನು ನಂಬಬೇಕಾದ ಅಗತ್ಯವಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಸವೆದ ಬ್ರೇಕ್ ಪೆಡಲಿನ ರಬ್ಬರು, ನುಣುಪಾದ ಸ್ಟೀರಿಂಗ್, ಕುಸಿದ ಚಾಲಕನ ಆಸನ ಇವುಗಳನ್ನು ಹಿಂದಿರುಗಿಸುವುದು ಅಷ್ಟು ಸುಲಭವಲ್ಲ. ಸರ್ವೀಸ್ ದಾಖಲೆಗಳಿದ್ದರೆ ಕಿಲೋಮೀಟರಿನ ಮಾತು. ಇಲ್ಲವಾದರೆ ಆ ಅಂಕಿಯನ್ನು ಲೆಕ್ಕದಿಂದಲೇ ಹೊರಗಿಡುವುದು ವಿವೇಕ.

ಪರೀಕ್ಷೆಗೆ ಬೆಳಗಿನ ಹೊತ್ತು ಹೋಗಬೇಕು, ಎಂಜಿನ್ ತಣ್ಣಗಿರಬೇಕು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿ ಇಟ್ಟಿದ್ದರೆ ಮರುದಿನ ಬರುವುದೇ ಲೇಸು. ತಣ್ಣಗಿನ ಎಂಜಿನ್ ಚಾಲೂ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಪದಾರ್ಥ ಹೆಚ್ಚಾಗಿ ಅಂಟಿದ್ದರೆ ಎಂಜಿನ್ನಿಗೆ ನೀರು ಸೇರಿರುವ ಶಂಕೆ ಸಹಜ. ರೇಡಿಯೇಟರಿನಲ್ಲಿ ಕೂಲೆಂಟ್ ಬದಲು ತುಕ್ಕುಬಣ್ಣದ ನಲ್ಲಿ ನೀರು ಕಂಡರೆ, ಹಿಂದಿನ ಮಾಲೀಕ ಇತರ ಕಡೆಗಳಲ್ಲೂ ಹೀಗೆಯೇ ಉಳಿತಾಯ ಮಾಡಿರಬಹುದೆಂದು ಭಾವಿಸಬಹುದು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. ಗೆರೆಗಳು ಆಳವಾಗಿದ್ದರೂ ಎಂಟು ವರ್ಷದ ಟೈರು ಹಳೆಯದೇ.

ತುಕ್ಕಿನ ವಿಷಯದಲ್ಲಿ ಊರನ್ನು ಕೇಳಲೇಬೇಕು. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಹೊರಮೈ ಹೊಳೆಯುತ್ತಿದ್ದರೂ ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡುವ ಗುಂಡಿ, ನೆಲಹಾಸಿನ ಅಡಿಯ ತಗಡು ಬೇರೆಯೇ ಕಥೆ ಹೇಳುತ್ತವೆ. ನೆರೆಯಲ್ಲಿ ಮುಳುಗಿದ ಕಾರು ಇನ್ನೂ ಕಷ್ಟದ ಪ್ರಶ್ನೆ. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಸೀಮೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ಕಂಡ ನೀರನ್ನು ಮರೆಯಲಾಗದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೆಸರಿನ ಗೆರೆ ಕಾಣಬಹುದು. ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ ಕುಳಿತ ಮಣ್ಣನ್ನು ಯಾವ ಪಾಲಿಷೂ ತೆಗೆಯುವುದಿಲ್ಲ. ಅಂಥ ಕಾರನ್ನು ಅರ್ಧ ಬೆಲೆಗೆ ಕೊಟ್ಟರೂ ಬಿಡುವುದೇ ಒಳ್ಳೆಯದು.

ಸುರಕ್ಷತೆಯ ಬಗ್ಗೆ ನಯದ ಮಾತು ಬೇಡ. ಈ ಅವಧಿಯ ಕೆಳಹಂತದ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಚಾಲಕನ ಏರ್‌ಬ್ಯಾಗ್ ದೇಶದಲ್ಲಿ ಕಡ್ಡಾಯವಾದದ್ದು 2019ರ ಜುಲೈ 1ರಿಂದ ಮಾತ್ರ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಕುಟುಂಬದೊಡನೆ ಪದೇ ಪದೇ ಸಂಚರಿಸುವವನಿಗೆ ಈ ಕಾರು ಸೂಕ್ತವೆಂದು ಹೇಳಲಾಗದು. ಅಂಥವನು ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಟ್ಟಾದರೂ ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಮಾದರಿಯನ್ನೇ ಹುಡುಕಬೇಕು. ಹಿಂದಿನ ಆಸನ ಮಡಚಿ ಎಣ್ಣೆ ಡಬ್ಬಗಳನ್ನೂ ಕಬ್ಬಿಣದ ಸಾಮಾನನ್ನೂ ತುಂಬುವ ರೂಢಿಯುಳ್ಳವರಿಗೆ ಬೇಕಾದದ್ದು ಕಾರಲ್ಲ, ಸರಕು ವಾಹನ.

ಇನ್ನು ದುಡ್ಡಿನ ಲೆಕ್ಕ. ಎರಡು ಕಾಲು ಲಕ್ಷಕ್ಕೆ ಒಂದು 2016ರ ಕಾರು ಕುದುರಿತೆಂದು ಇಟ್ಟುಕೊಳ್ಳೋಣ. ಟೈರು, ಬ್ಯಾಟರಿ, ಕ್ಲಚ್, ಶಾಕ್ ಅಬ್ಸಾರ್ಬರ್‌ಗಳಿಗೆ ಮೊದಲ ವರ್ಷವೇ ಮೂವತ್ತು ನಲವತ್ತು ಸಾವಿರ ಬೇಕಾದೀತು. ಆ ಮೊತ್ತ ಖರೀದಿಯ ಬೆಲೆಯ ಭಾಗವೆಂದೇ ತಿಳಿಯಬೇಕು. ಅದನ್ನು ಕೈಯಲ್ಲಿಟ್ಟುಕೊಳ್ಳದೆ ಪೂರ್ತಿ ಹಣವನ್ನು ಕಾರಿಗೆ ಸುರಿದವನು ಮರುತಿಂಗಳು ಅಂಗಡಿಯ ಬಂಡವಾಳಕ್ಕೆ ಕೈ ಹಾಕುತ್ತಾನೆ. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚು. ಸಾಲ ಮಾಡಿಯೇ ಕೊಳ್ಳಬೇಕಾದರೆ ತೆರಿಗೆ ಇಳಿದ ಹೊಸ ಕಾರಿನ ಕಂತನ್ನು ಪಕ್ಕದಲ್ಲಿಟ್ಟು ನೋಡಬೇಕು. 2016ರ ಕಾರಿಗೆ 2031ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಅನಂತರ ಅರ್ಹತಾ ಪರೀಕ್ಷೆ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವೇ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ.

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ವರಮಾನ ತೆರಿಗೆಯಲ್ಲಿ ಶೇ. 15ರ ಸವಕಳಿ ದೊರೆಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಇಲ್ಲಿ ಅನೇಕರು ಎಡವುವುದು ನಗದಿನಲ್ಲಿ. ಬಂಡವಾಳ ವೆಚ್ಚಕ್ಕೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತದ ಮೇಲೆ ಸವಕಳಿ ಇಲ್ಲ. ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದನ್ನು ಪಡೆದ ಮಾರಾಟಗಾರನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಂದೆ ಆ ಕಾರನ್ನು ಮಾರುವಾಗಲೂ ನೋಂದಾಯಿತ ವರ್ತಕನು ಎಚ್ಚರದಿಂದಿರಬೇಕು. 2025ರ ಜನವರಿಯಿಂದ ಹಳೆಯ ವಾಹನದ ಮಾರಾಟದಲ್ಲಿ ಲಾಭಾಂಶದ ಮೇಲೆ ಶೇ. 18 ತೆರಿಗೆ ಇದೆ. ಸವಕಳಿ ಕಳೆದು ಪುಸ್ತಕದಲ್ಲಿ 1.80 ಲಕ್ಷ ಉಳಿದ ಕಾರನ್ನು 2.10 ಲಕ್ಷಕ್ಕೆ ಮಾರಿದರೆ 30,000 ರೂಪಾಯಿಯ ಮೇಲೆ 5,400 ರೂಪಾಯಿ ಕೊಡಬೇಕು, 1.50 ಲಕ್ಷಕ್ಕೆ ಮಾರಿದರೆ ಏನೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಹೊರೆ ಹೆಸರು ವರ್ಗಾವಣೆಯ ಅಲಕ್ಷ್ಯದಿಂದ ಬರುತ್ತದೆ. ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು ಕಪಾಟಿನಲ್ಲಿಟ್ಟು, ದಲ್ಲಾಳಿಯ ಮಾತಿನ ಮೇಲೆ ಕಾರು ಓಡಿಸುವವರು ಇಂದಿಗೂ ಕಡಿಮೆಯಿಲ್ಲ. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾದರೂ ದಾಖಲೆಯಲ್ಲಿ ಮೊದಲಿಗನ ಹೆಸರೇ ಉಳಿದಿದ್ದ ಒಂದು ಕಾರಿನ ಅಪಘಾತ ಪ್ರಕರಣದಲ್ಲಿ, ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ವಿಮೆ ಇಲ್ಲದ ಕಾರೊಂದು ಹೀಗೆ ಒಂದು ಜೀವ ತೆಗೆದರೆ, ಕಾರು ಮಾರಿ ಮರೆತ ಅಂಗಡಿಕಾರನ ಜೀವಮಾನದ ಗಳಿಕೆ ಹೋದೀತು. ಕಾನೂನಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಸಾಲವಿದ್ದ ಕಾರಾದರೆ ನಮೂನೆ 35, ಹೊರರಾಜ್ಯದ್ದಾದರೆ ನಿರಾಕ್ಷೇಪಣಾ ಪತ್ರದ ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆ. ದೆಹಲಿಯಿಂದ ಬಂದ ಅಗ್ಗದ ಕಾರಿನ ಬೆಲೆಗೆ ಈ ತೆರಿಗೆಯನ್ನು ಕೂಡಿಸಿದಾಗ ಅಗ್ಗವೆಷ್ಟು ಉಳಿಯಿತೆಂದು ತಿಳಿಯುತ್ತದೆ.

ವಿಮೆಯನ್ನು ಸ್ವಂತ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಅವಧಿಯಿದೆ. ಹಿಂದಿನ ಮಾಲೀಕ ಗಳಿಸಿದ ಕ್ಲೇಮ್‌ರಹಿತ ರಿಯಾಯಿತಿ ಅವನದೇ, ಕಾರಿನದಲ್ಲ. ಹೊಸ ಮಾಲೀಕ ಆ ವ್ಯತ್ಯಾಸವನ್ನು ತುಂಬಬೇಕು. ಬಾಕಿ ದಂಡಗಳನ್ನು ಸರ್ಕಾರದ ವಾಹನ್ ಜಾಲತಾಣದಲ್ಲಿ ನೋಡಿ, ಚೌಕಾಸಿಯ ಮೊತ್ತದಿಂದ ಕಳೆದ ಮೇಲೆಯೇ ಮುಂಗಡ ಕೊಡುವುದು ಸೂಕ್ತ.