ಮರಳುವ ರಾಕೆಟ್, ಮರೆಯುವ ಹೊಣೆ

ಒಮ್ಮೆ ಹಾರಿದ ರಾಕೆಟ್ಟನ್ನೇ ಮತ್ತೆ ಹಾರಿಸುವ ಉದ್ಯಮ ಅಮೆರಿಕದಲ್ಲಿ ಬೇರೂರಿದೆ. 2015ರ ಡಿಸೆಂಬರಿನಲ್ಲಿ ಸ್ಪೇಸ್‌ಎಕ್ಸ್ ಫಾಲ್ಕನ್-9ರ ಮೊದಲ ಹಂತವನ್ನು ಸುರಕ್ಷಿತವಾಗಿ ನೆಲಕ್ಕಿಳಿಸಿತು. 2017ರಲ್ಲಿ ಬಳಸಿದ ಹಂತವನ್ನೇ ಪುನಃ ಹಾರಿಸಿತು. ಉಡಾವಣೆಗಳು ಹೆಚ್ಚಿದಂತೆ ಉದ್ಯಮದ ದೂರೂ ಹೆಚ್ಚಿದೆ: ಸರ್ಕಾರದ ಪರವಾನಗಿ ತಡವಾಗುತ್ತಿದೆ.

ಕಡತಗಳ ನಡುವೆಯೇ ಸೇವಾವಧಿ ಕಳೆದ ನಾನು ಈ ದೂರನ್ನು ತಳ್ಳಿಹಾಕಲಾರೆ. ಆದರೆ 2023ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನಿಂದ ಹೊರಟ ಸ್ಟಾರ್‌ಶಿಪ್ ತನ್ನ ವೇದಿಕೆಯ ಕಾಂಕ್ರೀಟನ್ನೇ ಚದುರಿಸಿತು. ತನಿಖೆಯ ಬಳಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಪ್ರಕಟಿಸಿದ ಸುಧಾರಣಾ ಕ್ರಮಗಳು 63. 2025ರ ಜನವರಿಯಲ್ಲಿ ಮತ್ತೊಂದು ಸ್ಟಾರ್‌ಶಿಪ್ ಸಿಡಿದಾಗ ಕೆರಿಬಿಯನ್ ಪ್ರದೇಶದಲ್ಲಿ ಪ್ರಯಾಣಿಕ ವಿಮಾನಗಳು ದಾರಿ ಬದಲಿಸಬೇಕಾಯಿತು. ಲಾಭ ಕಂಪನಿಯದು, ಅಪಾಯ ಮಾತ್ರ ಹೊರಗಿನವರದು. ಪರವಾನಗಿ ಇರುವುದೇ ಈ ಅಸಮತೋಲನವನ್ನು ತಿದ್ದಲು.

ನೌಕರರ ಪ್ರಶ್ನೆಯೂ ಇದರಿಂದ ಬೇರೆಯಲ್ಲ. 2022ರಲ್ಲಿ ಮುಖ್ಯಸ್ಥರನ್ನು ಟೀಕಿಸುವ ಬಹಿರಂಗ ಪತ್ರದ ಸಂಬಂಧ ಸ್ಪೇಸ್‌ಎಕ್ಸ್ ಕೆಲವರನ್ನು ವಜಾ ಮಾಡಿತು. 2024ರ ಜನವರಿಯಲ್ಲಿ ಕಾರ್ಮಿಕ ಸಂಬಂಧ ಮಂಡಳಿ ಆಕ್ಷೇಪಿಸಿದಾಗ ಕಂಪನಿ ಮಂಡಳಿಯ ಸಾಂವಿಧಾನಿಕತೆಯನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಆ ಪತ್ರ ಯಂತ್ರದೋಷವನ್ನು ಕುರಿತದ್ದಲ್ಲ, ನಿಜ. ಆದರೆ ಬಾಯಿಬಿಟ್ಟರೆ ಕೆಲಸ ಹೋಗುವುದೆಂದು ಅಂಜುವ ಎಂಜಿನಿಯರ್, ದೋಷ ಕಂಡಾಗಲೂ ಸುಮ್ಮನಿದ್ದಾನು.

ಪರವಾನಗಿ ಬೇಗ ಸಿಗಬೇಕೆಂದರೆ ನಿಯಮ ಸಡಿಲಿಸುವುದು ಮದ್ದಲ್ಲ. ಕಡತ ಪರಿಶೀಲಿಸುವ ತಜ್ಞರ ಸಂಖ್ಯೆ ಹೆಚ್ಚಲಿ, ಕಾರ್ಖಾನೆಯೊಳಗೆ ತಪ್ಪು ತೋರಿಸುವವರಿಗೆ ರಕ್ಷಣೆ ಸಿಗಲಿ. ಮೊದಲ ನಿಯಂತ್ರಕ ಇರುವುದು ಅಲ್ಲಿಯೇ.